ಆಯಿಯ ಬೀಸುವ ಪದ ಮತ್ತು ಒಂಬತ್ತು ಸೀಡಿ

ನಮ್ಮ ಆಯಿ, ಅಂದರೆ ಅವ್ವನ ತಾಯಿ, ಹಾಡುತ್ತಿದ್ದ ಬೀಸುವ ಪದಗಳನ್ನು 1996ರಲ್ಲಿ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. 2004ರಲ್ಲಿ ಅವನ್ನು ಕಂಪ್ಯೂಟರಿಗೆ ಇಳಿಸಿ ಒಂಬತ್ತು ಸೀಡಿ-ಆರ್, ಅಂದರೆ ಒಮ್ಮೆ ಮಾತ್ರ ಬರೆಯಬಹುದಾದ ಸೀಡಿ, ಬರೆದೆ. ಡಬ್ಬಿಯ ಮೇಲೆ ನೂರು ವರ್ಷ ಬಾಳಿಕೆ ಎಂದಿತ್ತು. ನಂಬಿದೆ, ಕ್ಯಾಸೆಟ್‌ಗಳನ್ನು ಯಾರಿಗೋ ಕೊಟ್ಟುಬಿಟ್ಟೆ. ಅದು ಈಗಲೂ ನೋಯುತ್ತದೆ.

ಹೋದ ಶ್ರಾವಣದಲ್ಲಿ ಅವ್ವ, ‘ಆಯಿದು ಆ ಬೀಸೂಕಲ್ಲಿನ ಪದ ಹಚ್ಚೋ ತಮ್ಮಾ, ಭಾಳ ನೆನಪಾಗೇತಿ’ ಅಂದಳು. ಹಚ್ಚಿದೆ. ಕೊನೆಯ ಹಾಡಿಗೆ ಬಂದು ಟಕ್ ಟಕ್ ಎಂದು ಸಿಕ್ಕಿಕೊಂಡಿತು. ತೆಗೆದು ನೋಡಿದರೆ ನಾನೇ ಅಂಟಿಸಿದ್ದ ಕಾಗದದ ಲೇಬಲ್ ಅಂಚಿನಲ್ಲಿ ಎದ್ದು, ಬೆಳ್ಳಿಯಂಥ ಪದರವನ್ನೂ ಕಿತ್ತುಕೊಂಡಿತ್ತು. ಟ್ಯೂಬ್‌ಲೈಟಿಗೆ ಹಿಡಿದರೆ ಆ ಕಡೆಯಿಂದ ಬೆಳಕು ತೂರಿ ಬಂತು. ಸೀಡಿ ಒಳಗಿನಿಂದ ಹೊರಗೆ ಬರೆದುಕೊಂಡು ಹೋಗುತ್ತದೆ, ಹಾಗಾಗಿ ಅಂಚು ಕೆಟ್ಟರೆ ಕೊನೆಯ ಹಾಡು ಮೊದಲು ಹೋಗುತ್ತದೆ.

ನಾವೆಲ್ಲ ಹೊಳೆಯುವ ಬದಿಯನ್ನೇ ಜೋಪಾನ ಮಾಡುತ್ತೇವೆ. ದನಿ ಇರುವುದು ಹೆಸರು ಬರೆಯುವ ಬದಿಗೆ. ಕೆಳಗೆ ಸುಮಾರು 1.2 ಮಿಲಿಮೀಟರ್ ಪ್ಲಾಸ್ಟಿಕ್, ಅದರ ಮೇಲೆ ದನಿ ಬರೆದಿರುವ ಬಣ್ಣದ ಪದರ, ಲೋಹ, ಆಮೇಲೆ ತೆಳ್ಳನೆಯ ವಾರ್ನಿಶ್, ಅಷ್ಟೇ. ಕೆಳಗಿನ ಗೀರನ್ನು ಉಜ್ಜಿ ಸರಿಮಾಡಬಹುದು, ಮೇಲಿನದಕ್ಕೆ ಮದ್ದಿಲ್ಲ. ಬಿಸಿಲಿಗೆ ಬಣ್ಣ ಮಾಸುತ್ತದೆ, ನಮ್ಮ ಧಾರವಾಡದ ಮಳೆಗಾಲದ ತೇವಕ್ಕೆ ಲೋಹ ಕೆಡುತ್ತದೆ.

ಲೇಬಲ್ ಅಂಟಿಸಿದ ಮೂರೂ ಕೆಟ್ಟಿದ್ದವು. ಕಿಟಕಿ ಪಕ್ಕದ ಶೋಕೇಸಿನಲ್ಲಿದ್ದ ಒಂದು ಓದಲೇ ಇಲ್ಲ. ಕಪಾಟಿನ ಕತ್ತಲಲ್ಲಿ ನೆಟ್ಟಗೆ ನಿಲ್ಲಿಸಿದ್ದ ಐದು, ಅದೇ ಡಬ್ಬಿಯವು, ಇವತ್ತಿಗೂ ಗಟ್ಟಿ. ಡಬ್ಬಿಯ ಮೇಲಿನ ವರ್ಷಕ್ಕಿಂತ ಇಟ್ಟ ಜಾಗ ದೊಡ್ಡದು ಎಂದು ನನಗೆ ಖಾತ್ರಿಯಾದದ್ದು ಆಗ.

ಇನ್ನೊಂದು ಮಾತು: ಹಾಡು ಚೆನ್ನಾಗಿ ಕೇಳುತ್ತಿದೆ ಎಂದರೆ ಸೀಡಿ ಚೆನ್ನಾಗಿದೆ ಎಂದಲ್ಲ. ಆಡಿಯೊ ಸೀಡಿಯಲ್ಲಿ ಓದಲಾಗದ ಚೂರನ್ನು ಪ್ಲೇಯರ್ ಹಿಂದುಮುಂದಿನ ದನಿ ನೋಡಿ ತುಂಬಿಬಿಡುತ್ತದೆ. ಕಿವಿಗೆ ಗೊತ್ತಾಗುವ ಹೊತ್ತಿಗೆ ಬಹಳ ಹೋಗಿರುತ್ತದೆ. ಅದಕ್ಕೇ ಎಕ್ಸಾಕ್ಟ್ ಆಡಿಯೊ ಕಾಪಿ ಎಂಬ ತಂತ್ರಾಂಶ ಹಿಡಿದೆ. ಅದು ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ನನ್ನ ಡ್ರೈವ್ ಓದದ್ದನ್ನು ಗೆಳೆಯನ ಹಳೆಯ ಡೀವಿಡಿ ರೈಟರ್ ನಿಧಾನ ವೇಗದಲ್ಲಿ ಓದಿತು. ಒಂದು ಸೀಡಿಗೆ ಇಡೀ ರಾತ್ರಿ ಹಿಡಿಯಿತು.

ಈಗ ಎಲ್ಲವೂ ದನಿಯನ್ನು ಕುಗ್ಗಿಸದೆ ಇಡುವ ವೇವ್ ಫೈಲಾಗಿ ಎರಡು ಹಾರ್ಡ್ ಡಿಸ್ಕಿನಲ್ಲಿವೆ, ಒಂದು ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ. ವರ್ಷಕ್ಕೊಮ್ಮೆ, ದಸರೆಗೆ, ಎರಡನ್ನೂ ತೆಗೆದು ಚೆಕ್‌ಸಮ್, ಅಂದರೆ ಫೈಲು ಚೂರು ಬದಲಾದರೂ ಬೇರೆಯಾಗುವ ಗುರುತಿನ ಸಂಖ್ಯೆ, ತಾಳೆ ಹಾಕುತ್ತೇನೆ. ಆ ಕೊನೆಯ ಹಾಡು ಮಾತ್ರ ಎರಡನೇ ನುಡಿಗೇ ನಿಲ್ಲುತ್ತದೆ. ಹಾಗೇ ಇಟ್ಟಿದ್ದೇನೆ.