40 ಜನರ ಸರ್ವರ್ ಉಳಿಸಿಕೊಂಡಿದ್ದು

ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. 2022ರ ಅಕ್ಟೋಬರ್ ಕೊನೆಗೆ ಟ್ವಿಟರ್ ಕೈ ಬದಲಾಯಿತು. ಮುಂದಿನ ತಿಂಗಳೇ ನಾನೊಂದು ಮಾಸ್ಟಡಾನ್ ಸರ್ವರ್ ಶುರು ಮಾಡಿದೆ. ಮಾಸ್ಟಡಾನ್ ಅಂದರೆ ಟ್ವಿಟರ್ ತರಹದ್ದೇ, ಆದರೆ ಯಾರು ಬೇಕಾದರೂ ತಮ್ಮದೇ ಸರ್ವರ್ ಇಟ್ಟು ನಡೆಸಬಹುದಾದ ಜಾಲ. ಮಳೆ ಲೆಕ್ಕ, ಕಾಂಡಕೊರಕದ ಕಾಟ, ಆನೆ ಯಾವ ಕಡೆ ಇಳಿದಿದೆ ಅನ್ನೋ ಸುದ್ದಿ, ಇದಕ್ಕೆಲ್ಲ ನಮ್ಮದೇ ಜಾಗ ಇರಲಿ ಎಂಬ ಆಸೆ. ಮಳೆಗಾಲದಲ್ಲಿ ಇಲ್ಲಿ ಕರೆಂಟು ನಂಬುವಂತಿಲ್ಲ. ಅದಕ್ಕೇ ಬಾಡಿಗೆ ಸರ್ವರ್ ಹಿಡಿದೆ. 40 ಜನ ಸೇರಿದರು.

ವರ್ಷದೊಳಗೆ 8 ಜನ ದೊಡ್ಡ ಸರ್ವರ್‌ಗೆ ಹೋದರು. ಬೇಜಾರಾಯಿತು, ಆದರೆ ಇಲ್ಲಿ ಹೆಚ್ಚೇನೂ ಕಾಣುವುದಿಲ್ಲ ಎಂಬ ಅವರ ಮಾತು ಸರಿ ಇತ್ತು. ಬೇರೆ ಸರ್ವರ್‌ನಲ್ಲಿದ್ದವರನ್ನು ಓದಬಹುದು ನಿಜ, ಸರ್ವರ್‌ಗಳು ಒಂದಕ್ಕೊಂದು ಮಾತಾಡಲು ಬಳಸುವ ಆಕ್ಟಿವಿಟಿಪಬ್ ಎಂಬ ಪದ್ಧತಿ ಇರುವುದೇ ಅದಕ್ಕೆ. ಆದರೆ ನಮ್ಮಲ್ಲಿ ಯಾರಾದರೂ ಫಾಲೋ ಮಾಡಿದವರ ಪೋಸ್ಟ್‌ಗಳೇ ನಮ್ಮಲ್ಲಿಗೆ ಜಾಸ್ತಿ ಬರುವುದು. ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ, ಉತ್ತರಗಳೂ ಅರ್ಧಂಬರ್ಧ ಕಾಣುತ್ತವೆ. ನಾನೇ ಕೂತು ಕನ್ನಡದಲ್ಲಿ ಬರೆಯುವವರನ್ನು, ಹಕ್ಕಿ ನೋಡುವವರನ್ನು ಒಬ್ಬೊಬ್ಬರಾಗಿ ಹುಡುಕಿ ಫಾಲೋ ಮಾಡಿದೆ. ಹಲವು ಸರ್ವರ್‌ಗಳ ಪೋಸ್ಟ್‌ಗಳನ್ನು ಒಟ್ಟಿಗೆ ತಲುಪಿಸುವ ಒಂದು ರಿಲೇಗೂ ಸೇರಿದೆ. ಹೊರಗಿನ ಫೋಟೊಗಳ ನಕಲು ಬಂದು ಡಿಸ್ಕ್ ತುಂಬಿತು. 7 ದಿನಕ್ಕಿಂತ ಹಳೆಯ ನಕಲುಗಳು ಅಳಿಯುವಂತೆ ಮಾಡಿದೆ. ಆಮೇಲೆ ಯಾರೂ ಬಿಟ್ಟು ಹೋಗಲಿಲ್ಲ.

ಎರಡನೆಯ ಪೆಟ್ಟು ನನ್ನ ಕೈಯಿಂದಲೇ ಬಿತ್ತು. 2024ರ ಫೆಬ್ರವರಿಯಲ್ಲಿ ಕಾವಲಿಲ್ಲದ ಸಣ್ಣ ಸರ್ವರ್‌ಗಳಿಂದ ಸ್ಪ್ಯಾಮ್ ನುಗ್ಗಿತು. ರೋಬಸ್ಟಾ ಕೊಯ್ಲಿನ ಸಮಯ, ಕಣದ ತುಂಬ ಕಾಫಿ. ರಾತ್ರಿ ಕಣ್ಣು ಎಳೆಯುತ್ತಿತ್ತು. ಸ್ಪ್ಯಾಮ್ ಬಂದ ಸರ್ವರ್‌ಗಳನ್ನೆಲ್ಲ ಸುಮ್ನೆ ಸಸ್ಪೆಂಡ್ ಮಾಡುತ್ತಾ ಹೋದೆ. ಅದರಲ್ಲೊಂದು ಹಾಸನದ ಗೆಳೆಯರದ್ದು. ಆಲೂರು, ಸಕಲೇಶಪುರ ಕಡೆಯ ಆನೆ ಸುದ್ದಿ ಹಾಕುತ್ತಿದ್ದವರು ಅವರೇ. ಮೂರು ವಾರ ನಮ್ಮವರಿಗೆ ಅದು ಕಾಣಲೇ ಇಲ್ಲ. ಸಸ್ಪೆಂಡ್ ಮಾಡಿದರೆ ಎರಡೂ ಕಡೆಯ ಫಾಲೋ ಕಡಿದು ಹೋಗುತ್ತದೆ. ಅದನ್ನು ತೆಗೆದರೂ ಹಳೆಯ ನಂಟು ತಾನಾಗಿ ಕೂಡುವುದಿಲ್ಲ. ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಫಾಲೋ ಮಾಡಿಸಿದೆ. ಕೆಲವರು ಮಾಡಲೇ ಇಲ್ಲ.

ಜನ ಒಂದೇ ಕಡೆ ಗುಂಪಾಗುವುದಕ್ಕೂ, ಸರ್ವರ್‌ಗಳು ಒಂದನ್ನೊಂದು ಕಡಿದುಕೊಳ್ಳುವುದಕ್ಕೂ ನಡೆಸುವವರ ಒಂಟಿತನವೇ ದೊಡ್ಡ ಕಾರಣ ಅಂತ ನನಗೆ ಆಗ ಅನ್ನಿಸಿತು. ಸುಸ್ತಾದವನು ಒಂದೋ ಬಾಗಿಲು ಮುಚ್ಚುತ್ತಾನೆ, ಇಲ್ಲ ಕಂಡವರನ್ನೆಲ್ಲ ಹೊರಗಿಡುತ್ತಾನೆ, ಅಲ್ವಾ? ಬೇಲೂರಿನ ಗೆಳತಿಯೊಬ್ಬರನ್ನು ಜೊತೆಗೆ ಕರೆದುಕೊಂಡೆ. ಪಾಸ್‌ವರ್ಡ್, ಡೊಮೈನ್ ನವೀಕರಣ, ಬ್ಯಾಕಪ್ ಎಲ್ಲ ಈಗ ಇಬ್ಬರ ಬಳಿಯೂ ಇವೆ. ಇಬ್ಬರೂ ಒಪ್ಪದೆ ಯಾವ ಸರ್ವರನ್ನೂ ಕಡಿಯುವುದಿಲ್ಲ. ಮೊದಲು ಲಿಮಿಟ್ ಮಾತ್ರ ಹಾಕುತ್ತೇವೆ, ಅದರಲ್ಲಿ ಆ ಸರ್ವರ್‌ನವರ ಪೋಸ್ಟ್ ಅವರನ್ನು ಫಾಲೋ ಮಾಡದವರ ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ, ಇದ್ದ ಫಾಲೋ ಮಾತ್ರ ಉಳಿಯುತ್ತದೆ. ಕಾರಣವನ್ನು ಕನ್ನಡದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುತ್ತೇವೆ. ಮೆಟಾ ಕಂಪನಿಯ ಥ್ರೆಡ್ಸ್ ಈ ಜಾಲಕ್ಕೆ ಜೋಡಿಸಿಕೊಳ್ಳತೊಡಗಿದಾಗ ಹಲವು ಸರ್ವರ್‌ಗಳು ಕದ ಹಾಕಿದವು. ನಾವು ಅದಕ್ಕೂ ಲಿಮಿಟ್ ಹಾಕಿ ಬಿಟ್ಟೆವು.

ಸರ್ವರ್ ಬಿಟ್ಟು ಹೋಗುವುದು ಹೇಗೆ ಅಂತಲೂ ಎಲ್ಲರಿಗೂ ಹೇಳಿಕೊಟ್ಟೆ. ಖಾತೆ ಬದಲಿಸಿದರೆ ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಹಾಗಾಗಿ ಆಗಾಗ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ ಅಂದೆ. ಈಗ ಬೇಲೂರಿನವರೇ ಅಲ್ಲೊಂದು ಸರ್ವರ್ ಶುರು ಮಾಡುತ್ತಿದ್ದಾರೆ. ನಮ್ಮ 11 ಜನ ಅಲ್ಲಿಗೆ ಹೊರಟಿದ್ದಾರೆ. ಮಳೆ ಹಿಡಿಯುವ ಮುಂಚೆ ಅವರ ಖಾತೆಗಳನ್ನು ದಾಟಿಸಬೇಕು.