ಮೊದಲ ಆಂಬುಲೆನ್ಸ್ ನಿಮ್ಮದಾದರೆ: ಆರಂಭದ ಹತ್ತು ನಿಮಿಷ ನಡೆಸುವುದು ಹೇಗೆ?

108ಕ್ಕೆ ಹೊಸದಾಗಿ ಸೇರಿದ ಇಎಂಟಿಗೆ (ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿಗೆ) ಒಬ್ಬ ಗಾಯಾಳುವನ್ನು ನೋಡಿಕೊಳ್ಳುವುದು ಗೊತ್ತಿರುತ್ತದೆ. ಆದರೆ ಶಿರಾ ಹತ್ತಿರ ಹೆದ್ದಾರಿಯಲ್ಲಿ ರಾತ್ರಿ ಬಸ್ಸು ಮಗುಚಿದೆ, ಇಪ್ಪತ್ತು ಜನಕ್ಕೆ ಏಟಾಗಿದೆ, ಮೊದಲು ತಲುಪಿದ ಗಾಡಿ ನಿಮ್ಮದೇ ಅಂದುಕೊಳ್ಳಿ. ಗಾಡಿಯಲ್ಲಿರುವುದು ನೀವು ಮತ್ತು ಪೈಲಟ್ (ಚಾಲಕ), ಇಬ್ಬರೇ. ಕಣ್ಣಿಗೆ ಬಿದ್ದ ಮೊದಲ ಗಾಯಾಳುವಿನ ಪಕ್ಕ ಕೂತುಬಿಟ್ಟರೆ ಉಳಿದ ಹತ್ತೊಂಬತ್ತು ಜನರನ್ನು ನೋಡುವವರು ಯಾರು?

ಇನ್ಸಿಡೆಂಟ್ ಕಮಾಂಡ್, ಅಂದರೆ ಅವಘಡದ ಜಾಗದಲ್ಲಿ ಹೊಣೆ ಯಾರದು, ಯಾರು ಏನು ಮಾಡಬೇಕು ಎಂಬ ಪದ್ಧತಿಯ ತರಬೇತಿ ಇರುವುದು ಇದಕ್ಕೇ. 1970ರ ಕ್ಯಾಲಿಫೋರ್ನಿಯಾ ಕಾಡ್ಗಿಚ್ಚಿನಲ್ಲಿ ಬೇರೆ ಬೇರೆ ಇಲಾಖೆಗಳ ತಂಡಗಳು ತಾಳಮೇಳವಿಲ್ಲದೆ ಒದ್ದಾಡಿದ ಮೇಲೆ ಈ ಪದ್ಧತಿ ಹುಟ್ಟಿತು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದನ್ನು ಇಲ್ಲಿಗೆ ಹೊಂದಿಸಿ ಮಾರ್ಗಸೂಚಿ ತಂದಿತು. ತಿರುಳು ಇಷ್ಟೇ: ಮೇಲಿನವರು ಬಂದು ವಹಿಸಿಕೊಳ್ಳುವವರೆಗೆ ಮೊದಲು ಬಂದವರದೇ ಜವಾಬ್ದಾರಿ. ನಿನ್ನೆ ಕೆಲಸಕ್ಕೆ ಸೇರಿದವರಾದರೂ ಸರಿ.

ಗಾಡಿ ನಿಲ್ಲಿಸಿ. ತೀರಾ ಹತ್ತಿರ ಬೇಡ. ಡೀಸೆಲ್ ಸೋರುತ್ತಿದ್ದರೆ ಇಳಿಜಾರಿನ ಕೆಳಗೆ ನಿಲ್ಲಿಸಲೇಬೇಡಿ. ಹಿಂದೆ ಬರುವ ಗಾಡಿಗಳಿಗೆ ಹೋಗಿಬರಲು ಜಾಗ ಬಿಡಿ. ಪೈಲಟ್ ಗಾಡಿ ಬಿಟ್ಟು ಕದಲಬಾರದು. ಕಂಟ್ರೋಲ್ ರೂಮ್ ಜೊತೆ ಮಾತು ಅವರದು.

ಒಂದು ಸುತ್ತು ನಡೆದು, ಪೈಲಟ್ ಮೂಲಕ ಕಂಟ್ರೋಲ್ ರೂಮಿಗೆ ವರದಿ ಕೊಡಿ. ಈ ಸುತ್ತಿನಲ್ಲಿ ಯಾರಿಗೂ ಚಿಕಿತ್ಸೆ ಶುರುಮಾಡಬೇಡಿ. ಹೇಳುವುದು ಸುಲಭ, ಮಾಡುವುದು ಕಷ್ಟ. ಜನ ಬೈಯುತ್ತಾರೆ, ಕೈ ಹಿಡಿದು ಎಳೆಯುತ್ತಾರೆ. ಆದರೂ ಮೊದಲು ನೋಡಬೇಕು, ಎಣಿಸಬೇಕು. "ತುಂಬಾ ಜನಕ್ಕೆ ಏಟಾಗಿದೆ, ಬೇಗ ಬನ್ನಿ" ಎಂದರೆ ಒಂದು ಗಾಡಿ ಕಳಿಸಬೇಕೋ ಹತ್ತೋ ಎಂದು ಅತ್ತ ಕಡೆಯವರಿಗೆ ಗೊತ್ತಾಗುವುದಿಲ್ಲ. ಹೀಗೆ ಹೇಳಿ: "ಬಸ್ಸು ಮಗುಚಿದೆ. ತುಮಕೂರಿಗೆ ಹೋಗುವ ಬದಿ, ಫ್ಲೈಓವರ್ ಇಳಿದ ತಕ್ಷಣ. ಡೀಸೆಲ್ ಸೋರುತ್ತಿದೆ. ಮೇನ್ ರೋಡ್ ಜಾಮ್, ಸರ್ವಿಸ್ ರಸ್ತೆಯಲ್ಲಿ ಬನ್ನಿ. ಗಾಯಾಳುಗಳು ಸುಮಾರು 20, ಇಬ್ಬರು ಒಳಗೆ ಸಿಕ್ಕಿಕೊಂಡಿದ್ದಾರೆ. ಪೊಲೀಸರು ಬಂದಿದ್ದಾರೆ. ಫೈರ್ ಇಂಜಿನ್, ಇನ್ನೂ ಐದು ಆಂಬುಲೆನ್ಸ್ ಬೇಕು." ಕೋಡು ಗೀಡು ಬೇಡ, ಆಡುಮಾತೇ ಸಾಕು.

ವಿಂಗಡಿಸಿ. ಇದಕ್ಕೆ 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ರೂಪಿಸಿದ 'ಸ್ಟಾರ್ಟ್' ವಿಧಾನವಿದೆ. ಇದು ದೊಡ್ಡವರಿಗೆ; ಮಕ್ಕಳಿಗೆ ಬೇರೆ ಲೆಕ್ಕ. ಗಾಯಾಳುಗಳಿಗೆ ಬಣ್ಣದ ಪಟ್ಟಿ ಕಟ್ಟುತ್ತಾರೆ: ಕೆಂಪು ತಕ್ಷಣ ನೋಡಬೇಕಾದವರಿಗೆ, ಹಳದಿ ಸ್ವಲ್ಪ ಕಾಯಬಹುದಾದವರಿಗೆ, ಹಸಿರು ಸಣ್ಣ ಗಾಯದವರಿಗೆ, ಕಪ್ಪು ತೀರಿಕೊಂಡವರಿಗೆ ಅಥವಾ ಬದುಕುವ ಆಸೆ ಇಲ್ಲದವರಿಗೆ. "ನಡೆಯಲು ಆಗುವವರು ಆ ಮರದ ಹತ್ತಿರ ಬನ್ನಿ" ಎಂದು ಕೂಗಿ. ಎದ್ದು ಬಂದವರು ಸದ್ಯಕ್ಕೆ ಹಸಿರು. ಉಳಿದವರಲ್ಲಿ ಒಬ್ಬೊಬ್ಬರಿಗೆ ಒಂದು ನಿಮಿಷವೂ ಬೇಡ. ಉಸಿರಿಲ್ಲವೇ? ಶ್ವಾಸದ ದಾರಿ ತೆರೆಯಿರಿ. ಆಗಲೂ ಬರದಿದ್ದರೆ ಕಪ್ಪು, ಬಂದರೆ ಕೆಂಪು. ನಿಮಿಷಕ್ಕೆ 30ಕ್ಕಿಂತ ಜಾಸ್ತಿ ಉಸಿರು, ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿಲ್ಲ, ಹೇಳಿದ್ದು ಮಾಡುತ್ತಿಲ್ಲ: ಯಾವುದಾದರೂ ಒಂದಿದ್ದರೂ ಕೆಂಪು. ಮೂರೂ ಸರಿಯಿದ್ದು ನಡೆಯಲಾಗದವರು ಹಳದಿ. ಈ ಹಂತದಲ್ಲಿ ಮಾಡುವ ಚಿಕಿತ್ಸೆ ಎರಡೇ: ಶ್ವಾಸದ ದಾರಿ ತೆರೆಯುವುದು, ಜೋರಾಗಿ ಸುರಿಯುವ ರಕ್ತ ನಿಲ್ಲಿಸುವುದು.

ಕಪ್ಪು ಪಟ್ಟಿ ಕಟ್ಟಿ ಮುಂದೆ ಹೋಗುವುದಕ್ಕೆ ಹೊಸಬರ ಮನಸ್ಸು ಒಪ್ಪುವುದಿಲ್ಲ. ಒಪ್ಪುವ ಹಾಗೂ ಇಲ್ಲ, ಅಲ್ವಾ? ಅದಕ್ಕೇ ಇದನ್ನು ಮೊದಲೇ ಅಭ್ಯಾಸ ಮಾಡಬೇಕು. ಇಪ್ಪತ್ತು ಚೀಟಿ ಬರೆದು ನೆಲದ ಮೇಲೆ ಹರಡಿ. ಒಂದರಲ್ಲಿ ಕೈ ಮುರಿದು ಕಿರುಚುತ್ತಾ ಓಡಾಡುವ ಹುಡುಗ, ಇನ್ನೊಂದರಲ್ಲಿ ಸುಮ್ಮನೆ ಬಿದ್ದಿರುವ, ನಿಮಿಷಕ್ಕೆ 36 ಉಸಿರಿನ ಹೆಂಗಸು. ಹೊಸಬರು ಹುಡುಗನ ಕಡೆಗೇ ಓಡುತ್ತಾರೆ. ಅವನು ಹಸಿರು, ಆಕೆ ಕೆಂಪು.

ಬೇರೆ ಗಾಡಿಗಳವರು ಬರುತ್ತಿದ್ದಂತೆ ಕೆಲಸ ಹಂಚಿ. ಒಬ್ಬರ ಕೈಕೆಳಗೆ ಐವರು ಇದ್ದರೆ ಹಿತ, ಏಳು ದಾಟಬಾರದು. ಪ್ರತಿಯೊಬ್ಬರಿಗೂ ಹೇಳುವವರು ಒಬ್ಬರೇ ಇರಲಿ. ನಮ್ಮಲ್ಲಿ ಸುತ್ತಲಿನ ಜನ ಹೇಗೂ ಕೈಹಾಕುತ್ತಾರೆ. ಗದರುವ ಬದಲು ಗಾಯಕ್ಕೆ ಬಟ್ಟೆ ಒತ್ತಿಹಿಡಿಯಲು ಕೂರಿಸಿ.

ಕಳಿಸಿ, ಬರೆದಿಡಿ. ಮೊದಲು ಕೆಂಪು. ಎಲ್ಲರನ್ನೂ ಹತ್ತಿರದ ಒಂದೇ ಆಸ್ಪತ್ರೆಗೆ ತುಂಬಿದರೆ ಅಲ್ಲಿಯೂ ಇದೇ ಗೊಂದಲ. ಯಾರು, ಯಾವ ಗಾಡಿ, ಯಾವ ಆಸ್ಪತ್ರೆ ಎಂದು ಬರೆಯಿರಿ. ಮನೆಯವರು ಹುಡುಕಿಕೊಂಡು ಬಂದಾಗ ಆ ಹಾಳೆಯೇ ಗತಿ.

ವಹಿಸಿಕೊಡಿ. ಹಿರಿಯರು ಬಂದಾಗ ಎದುರು ನಿಂತು ಹೇಳಿ: ಎಷ್ಟು ಜನ, ಎಷ್ಟು ಹೋದರು, ಏನು ಬಾಕಿ. "ಇನ್ನು ಮುಂದೆ ಇವರು" ಎಂದು ಎಲ್ಲರಿಗೂ, ಕಂಟ್ರೋಲ್ ರೂಮಿಗೂ ತಿಳಿಸಿ. ಆಮೇಲೆ ಅವರು ಹೇಳಿದ ಕೆಲಸಕ್ಕೆ ಹೋಗಿ.