ಮಕ್ಕಳು ಆಡಲು ಬರುವ ಕ್ಲಬ್: ಅವರ ಸುರಕ್ಷತೆ ನೋಡಿಕೊಳ್ಳುವುದು ಹೇಗೆ?

ಪ್ರಾಕ್ಟೀಸ್ ಮುಗಿದು ಇಪ್ಪತ್ತು ನಿಮಿಷ ಆಗಿದೆ. ಎಲ್ಲ ಮಕ್ಕಳನ್ನೂ ಮನೆಯವರು ಬಂದು ಕರೆದುಕೊಂಡು ಹೋಗಿದ್ದಾರೆ, ಒಬ್ಬಳು ಮಾತ್ರ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಾಳೆ. ಮಳೆ ಬರುವ ಹಾಗಿದೆ. ಅಪ್ಪನ ಫೋನ್ ಸ್ವಿಚ್ ಆಫ್. ಮೈದಾನದಲ್ಲಿ ಉಳಿದಿರುವ ದೊಡ್ಡವರು ಅಂದ್ರೆ ಕೋಚ್ ಒಬ್ಬರೇ, ಅವರ ಕಾರು ಅಲ್ಲೇ ನಿಂತಿದೆ, ಮನೆಯೂ ಅದೇ ದಾರಿಯಲ್ಲಿ. ‘ಬಾ ಪುಟ್ಟಿ, ನಾನೇ ಬಿಡ್ತೀನಿ’ ಅನ್ನುವುದು ಎಷ್ಟು ಸಹಜ, ಅಲ್ವಾ?

ಒಳ್ಳೆ ಮನಸ್ಸಿನಿಂದ ಬರುವ ಮಾತೇ ಅದು. ಆದರೆ ಇಂಥ ಹೊತ್ತಲ್ಲಿ ಏನು ಮಾಡಬೇಕು ಅಂತ ಕ್ಲಬ್‌ನವರು ಮೊದಲೇ ಕೂತು ಮಾತಾಡಿಲ್ಲದಿದ್ದರೆ, ಕೆಟ್ಟ ಮನಸ್ಸಿನವನೂ ನಾಳೆ ಇದೇ ಮಾತನ್ನು ಇಷ್ಟೇ ಸಹಜವಾಗಿ ಹೇಳಬಹುದು, ಯಾರಿಗೂ ಅನುಮಾನ ಬರುವುದಿಲ್ಲ.

ಮಕ್ಕಳ ಸುರಕ್ಷತೆ ಅಂದ ಕೂಡಲೇ ಪೊಲೀಸು, ಕೋರ್ಟು ನೆನಪಾಗುತ್ತವೆ. ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್‌ಗೆ ಲೈಂಗಿಕ ದೌರ್ಜನ್ಯಕ್ಕಾಗಿ 2018ರ ಜನವರಿಯಲ್ಲಿ 40ರಿಂದ 175 ವರ್ಷಗಳ ಜೈಲು ಶಿಕ್ಷೆ ಆಯಿತು. ಆ ವಿಚಾರಣೆಯಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೇಳಿಕೆಗಳು ಕೋರ್ಟಿನ ಮುಂದೆ ಬಂದವು. 1997ರಲ್ಲೇ ಕೋಚ್ ಒಬ್ಬರಿಗೆ ವಿಷಯ ಹೇಳಿದ್ದೆ ಎಂದು ಅವರಲ್ಲೊಬ್ಬರು ತಿಳಿಸಿದರು. ಅಂದ್ರೆ ಇಪ್ಪತ್ತು ವರ್ಷ! ಕೆಲವು ಸಲ ಅಪ್ಪ ಅಮ್ಮ ಅದೇ ಕೋಣೆಯಲ್ಲಿ ಕೂತಿದ್ದಾಗಲೇ, ಅವರಿಗೆ ಕಾಣದ ಹಾಗೆ ಅಡ್ಡ ನಿಂತು, ಚಿಕಿತ್ಸೆ ಎಂಬ ಹೆಸರಲ್ಲಿ ಅವನು ದೌರ್ಜನ್ಯ ಮಾಡಿದ್ದ. ಇಂಗ್ಲೆಂಡಿನಲ್ಲಿ 2016ರಲ್ಲಿ ಆ್ಯಂಡಿ ವುಡ್‌ವರ್ಡ್ ಎಂಬ ಮಾಜಿ ಫುಟ್‌ಬಾಲ್ ಆಟಗಾರ ತನ್ನ ಬಾಲ್ಯದ ಕೋಚ್ ಮಾಡಿದ್ದ ದೌರ್ಜನ್ಯದ ಬಗ್ಗೆ ಬಹಿರಂಗವಾಗಿ ಮಾತಾಡಿದ ಮೇಲೆ ಒಬ್ಬೊಬ್ಬರಾಗಿ ನೂರಾರು ಜನ ಮುಂದೆ ಬಂದರು. ಅಲ್ಲಿನ ತನಿಖಾ ವರದಿ 2021ರಲ್ಲಿ ಹೊರಬಂತು. ಎರಡೂ ಕಡೆ ಯಾರೋ ಏನೋ ನೋಡಿದ್ದರು, ಯಾರ ಕಿವಿಗೋ ಏನೋ ಬಿದ್ದಿತ್ತು. ಆ ಮಾತು ತಲುಪಬೇಕಾದ ಕಡೆ ತಲುಪಲಿಲ್ಲ, ತಲುಪಿದರೂ ಅಲ್ಲೇ ಉಳಿಯಿತು.

ಹಾಗಾಗಿ ಕ್ಲಬ್‌ನಲ್ಲಿ ನಾವು ಮಾಡಬೇಕಾದ ಮುಖ್ಯ ಕೆಲಸ ಒಂದೇ. ಸಣ್ಣ ಮಾತೂ ಸರಿಯಾದ ಕಡೆ ತಲುಪಬೇಕು, ಅದು ಬರಹದಲ್ಲಿ ಉಳಿಯಬೇಕು. ಇದಕ್ಕೆ ದುಡ್ಡು ಜಾಸ್ತಿ ಬೇಕಿಲ್ಲ.

ಮೊದಲು: ಒಬ್ಬರ ಹೆಸರು, ಒಂದು ಫೋನ್ ನಂಬರ್

ಮಕ್ಕಳ ಕ್ಷೇಮ ನೋಡಿಕೊಳ್ಳಲು ಅಂತಲೇ ಒಬ್ಬರನ್ನು ಗುರುತಿಸಿ. ವೆಲ್ಫೇರ್ ಆಫೀಸರ್ ಅನ್ನಿ, ಮಕ್ಕಳ ಕಾಳಜಿಯವರು ಅನ್ನಿ, ಹೆಸರು ಏನಾದರೂ ಇರಲಿ. ಮುಖ್ಯ ಕೋಚ್‌ಗೇ ಈ ಕೆಲಸ ಕೊಡಬೇಡಿ, ಅವರ ಹೆಂಡತಿ, ಗಂಡ, ತಮ್ಮ, ತಂಗಿಗೂ ಬೇಡ. ದೂರು ಕೋಚ್ ಬಗ್ಗೆಯೇ ಇದ್ದರೆ ಮಗು ಯಾರ ಹತ್ತಿರ ಹೋಗಬೇಕು ಹೇಳಿ? ಸಾಧ್ಯವಾದರೆ ಇಬ್ಬರಿರಲಿ, ಒಬ್ಬರು ಹೆಂಗಸು, ಒಬ್ಬರು ಗಂಡಸು. ಇಬ್ಬರಿಗೂ ತರಬೇತಿ ಕೊಡಿಸಿ.

ಅವರ ಹೆಸರು, ಫೋಟೊ, ನಂಬರ್ ನೋಟಿಸ್ ಬೋರ್ಡ್ ಮೇಲೆ ಇರಲಿ. ಆದರೆ ಬೋರ್ಡು ಆಫೀಸಿನಲ್ಲಿದ್ದರೆ ಮಕ್ಕಳಿಗೆ ಕಾಣುವುದಿಲ್ಲ. ನೀರು ಕುಡಿಯುವ ಜಾಗದಲ್ಲಿ, ಟಾಯ್ಲೆಟ್ ಬಾಗಿಲ ಒಳಗಡೆ, ಮಗುವಿನ ಕಣ್ಣಿನ ಎತ್ತರಕ್ಕೆ ಅಂಟಿಸಿ. ಟಾಯ್ಲೆಟ್ ಒಳಗೆ ಯಾಕೆ ಅಂದ್ರೆ, ಯಾರೂ ನೋಡದ ಹಾಗೆ ಆ ನಂಬರ್ ಓದಲು ಆಗುವುದು ಅಲ್ಲೇ. ಕ್ಲಬ್ ಆಚೆಯ ದಾರಿಯೂ ಅದೇ ಹಾಳೆಯಲ್ಲಿ ಇರಲಿ: ನಿಮ್ಮಲ್ಲಿರುವ ಮಕ್ಕಳ ಸಹಾಯವಾಣಿ, ಪೊಲೀಸ್ ನಂಬರ್.

ಯಾರನ್ನಾದರೂ ಸೇರಿಸಿಕೊಳ್ಳುವ ಮುಂಚೆ

ಕೋಚ್ ಸಿಗುವುದೇ ಕಷ್ಟ, ಸುಮ್ನೆ ಬಂದು ಕಲಿಸುತ್ತೇನೆ ಅನ್ನುವವರನ್ನು ಹೇಗೆ ಪ್ರಶ್ನೆ ಮಾಡುವುದು ಅಂತ ಅನೇಕ ಕ್ಲಬ್‌ಗಳಲ್ಲಿ ಸಂಕೋಚ. ಅದನ್ನು ಬಿಡಬೇಕು. ಸಂಬಳ ತಗೊಳ್ಳುವವರಿಗೂ ತಗೊಳ್ಳದವರಿಗೂ ಒಂದೇ ನಿಯಮ. ಗುರುತಿನ ದಾಖಲೆ ನೋಡಿ, ನಿಮ್ಮಲ್ಲಿ ಪೊಲೀಸ್ ಪರಿಶೀಲನೆಯ ವ್ಯವಸ್ಥೆ ಇದ್ದರೆ ಮಾಡಿಸಿ. ಆದರೆ ಅಷ್ಟಕ್ಕೇ ನೆಮ್ಮದಿ ಬೇಡ. ಹಿಂದೆ ಸಿಕ್ಕಿಬಿದ್ದವರು ಮಾತ್ರ ಅದರಲ್ಲಿ ಕಾಣುತ್ತಾರೆ.

ಹಿಂದಿನ ಕ್ಲಬ್‌ಗೆ ಫೋನ್ ಮಾಡುವುದು ಇದಕ್ಕಿಂತ ಮುಖ್ಯ. ಪತ್ರ ಸಾಲದು, ಪತ್ರದಲ್ಲಿ ಎಲ್ಲರೂ ಒಳ್ಳೆಯದನ್ನೇ ಬರೆಯುತ್ತಾರೆ. ‘ಇವರನ್ನು ಮತ್ತೆ ನಿಮ್ಮ ಮಕ್ಕಳ ಜೊತೆ ಬಿಡ್ತೀರಾ?’ ಅಂತ ನೇರವಾಗಿ ಕೇಳಿ. ಆ ಕಡೆಯವರು ಒಂದು ಕ್ಷಣ ಸುಮ್ಮನಾದರೆ, ಆ ಮೌನದ ಕಾರಣವನ್ನೂ ಕೇಳಿ.

ಯಾವಾಗಲೂ ಇನ್ನೊಬ್ಬರ ಕಣ್ಣಿಗೆ ಬೀಳುವ ಹಾಗೆ

ನಿಯಮ ಬರೆಯಲು ಕೂತರೆ ಇಪ್ಪತ್ತು ಪುಟ ಆಗುತ್ತದೆ, ಯಾರೂ ಓದುವುದಿಲ್ಲ. ಒಂದೇ ಪುಟ ಬರೆಯಿರಿ. ಅದರ ಮೊದಲ ಸಾಲು: ದೊಡ್ಡವರೊಬ್ಬರು, ಮಗುವೊಂದು, ಮುಚ್ಚಿದ ಬಾಗಿಲು, ಈ ಮೂರೂ ಒಟ್ಟಿಗೆ ಸೇರಕೂಡದು. ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಪ್ರಾಕ್ಟೀಸ್‌ಗೆ ಕನಿಷ್ಠ ಇಬ್ಬರು ದೊಡ್ಡವರು. ಮಕ್ಕಳು ಬಟ್ಟೆ ಬದಲಾಯಿಸುವಾಗ ದೊಡ್ಡವರು ಹೊರಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ. ಒಳಗೆ ಮೊಬೈಲ್ ಯಾರ ಕೈಯಲ್ಲೂ ಇರಬಾರದು. ಬೇರೆ ಊರಿಗೆ ಮ್ಯಾಚ್‌ಗೆ ಹೋದಾಗ ಕೋಚ್ ಮಲಗುವ ಕೋಣೆ ಬೇರೆಯೇ. ವಾಟ್ಸ್‌ಆ್ಯಪ್ ಮೆಸೇಜು ಏನಿದ್ದರೂ ಹೆತ್ತವರು ಇರುವ ಗ್ರೂಪಿಗೆ. ಹದಿನಾಲ್ಕರ ಹುಡುಗಿಗೆ ರಾತ್ರಿ ಹನ್ನೊಂದಕ್ಕೆ ‘ಇವತ್ತು ಚೆನ್ನಾಗಿ ಆಡಿದೆ’ ಅಂತ ಒಬ್ಬಳಿಗೇ ಮೆಸೇಜ್ ಹೋಗಬಾರದು, ಎಷ್ಟೇ ಒಳ್ಳೆ ಮಾತಾದರೂ ಸರಿ.

ಇನ್ನು ಮುಟ್ಟುವ ವಿಷಯ. ಈಜು, ಜಿಮ್ನಾಸ್ಟಿಕ್ಸ್, ಕುಸ್ತಿ, ಬ್ಯಾಟ್ ಹಿಡಿಯುವುದು, ಇವನ್ನೆಲ್ಲ ಮುಟ್ಟದೆ ಕಲಿಸಿ ಅನ್ನಲಾಗದು. ಆದರೆ ಮುಟ್ಟುವ ಮುಂಚೆ ಹೇಳಬೇಕು, ಕೇಳಬೇಕು: ‘ನಿನ್ನ ಮೊಣಕೈ ಸ್ವಲ್ಪ ಮೇಲೆತ್ತಬೇಕು, ನಾನು ಹಿಡಿದು ತೋರಿಸಲಾ?’ ಬೇಡ ಅಂದರೆ ಬೇಡ, ಬಾಯಲ್ಲಿ ಹೇಳಿ, ನೀವೇ ಮಾಡಿ ತೋರಿಸಿ. ಹೀಗೆ ಕೇಳಿಸಿಕೊಂಡು ಬೆಳೆದ ಮಗುವಿಗೆ, ಕೇಳದೆ ಮುಟ್ಟುವವರು ಬಂದಾಗ ಏನೋ ಸರಿಯಿಲ್ಲ ಅಂತ ಬೇಗ ಗೊತ್ತಾಗುತ್ತದೆ.

ಗೇಟಿನ ಹತ್ತಿರ ನಿಂತಿದ್ದ ಹುಡುಗಿಯ ವಿಷಯಕ್ಕೆ ಬರೋಣ. ಪ್ರತಿ ಮಗುವಿಗೂ ಎರಡು ತುರ್ತು ನಂಬರ್ ಬರೆದಿಟ್ಟುಕೊಂಡಿದ್ದರೆ ಅಪ್ಪನ ಫೋನ್ ಸಿಗದಿದ್ದಾಗ ಚಿಕ್ಕಮ್ಮನಿಗೋ ಅಜ್ಜನಿಗೋ ಮಾಡಬಹುದು. ಕೊನೆಯ ಮಗು ಹೋಗುವವರೆಗೆ ಇಬ್ಬರು ದೊಡ್ಡವರು ಇರಲೇಬೇಕು, ಸರದಿ ಮೇಲೆ ಹೆತ್ತವರೇ ನಿಲ್ಲಲಿ. ಯಾರೂ ಸಿಗದೆ ಕಾರಿನಲ್ಲಿ ಬಿಡಲೇಬೇಕಾಗಿ ಬಂದರೆ, ವೆಲ್ಫೇರ್ ಆಫೀಸರ್‌ಗೆ ಫೋನ್ ಮಾಡಿ ಹೇಳಿ, ಇನ್ನೊಬ್ಬ ದೊಡ್ಡವರನ್ನು ಜೊತೆಗೆ ಕೂರಿಸಿಕೊಂಡು, ಹೊರಟ ಹೊತ್ತು, ತಲುಪಿದ ಹೊತ್ತು ಗ್ರೂಪಿನಲ್ಲಿ ಹಾಕಿ. ಇದು ಕೋಚನ್ನೂ ಕಾಯುತ್ತದೆ.

ಮಗು ಬಂದು ಹೇಳಿದಾಗ

ಎಲ್ಲಕ್ಕಿಂತ ಕಷ್ಟದ್ದು ಇದು. ನಾನು ಒಂದು ಮಕ್ಕಳ ತಂಡದ ಜೊತೆ ವಾಲಂಟಿಯರ್ ಆಗಿದ್ದಾಗ ಒಬ್ಬ ಹುಡುಗ ಶೂ ಲೇಸ್ ಕಟ್ಟುತ್ತಾ, ತಲೆ ಎತ್ತದೇ ಕೇಳಿದ: ‘ಒಂದು ವಿಷ್ಯ ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡ್ತೀರಾ?’ ನಾನು ಮಾಡಿಬಿಟ್ಟೆ. ಅವನು ಹೇಳಿದ್ದು ಮನೆಯಲ್ಲಿ ಬೀಳುತ್ತಿದ್ದ ಏಟಿನ ಬಗ್ಗೆ. ಆ ಮಾತನ್ನು ನಾನು ಮುರಿಯಲೇಬೇಕಿತ್ತು, ಮುರಿದೆ. ಆಮೇಲೆ ಬಹಳ ದಿನ ಅವನು ನನ್ನ ಮುಖ ನೋಡಲಿಲ್ಲ. ತಪ್ಪು ನನ್ನದು. ಆ ಪ್ರಾಮಿಸ್ ಮಾಡಲೇಬಾರದಿತ್ತು.

ಹೇಳಬೇಕಾದದ್ದು ಹೀಗೆ: ‘ಗುಟ್ಟಾಗಿ ಇಡ್ತೀನಿ ಅಂತ ಮಾತು ಕೊಡೋಕೆ ಆಗಲ್ಲ ಪುಟ್ಟ. ನಿನಗೆ ಸಹಾಯ ಮಾಡಬೇಕು ಅಂದ್ರೆ ಒಬ್ಬರಿಬ್ಬರಿಗೆ ಹೇಳಬೇಕಾಗಬಹುದು. ಯಾರಿಗೆ ಹೇಳ್ತೀನಿ ಅಂತ ನಿನಗೆ ಮೊದಲೇ ಹೇಳ್ತೀನಿ.’ ಇದನ್ನು ಕೇಳಿಯೂ ಎಷ್ಟೋ ಮಕ್ಕಳು ಮಾತು ಮುಂದುವರಿಸುತ್ತಾರೆ.

ಆಮೇಲೆ ಕೇಳಿಸಿಕೊಳ್ಳಿ, ಅಷ್ಟೇ. ‘ಅಯ್ಯೋ ದೇವರೇ’ ಅಂತ ಮುಖ ಮಾಡಬೇಡಿ, ಮಗು ಅಲ್ಲಿಗೇ ನಿಲ್ಲಿಸುತ್ತದೆ. ‘ಅವರು ನಿನ್ನನ್ನ ಅಲ್ಲಿ ಮುಟ್ಟಿದರಾ?’ ಅಂತ ಉತ್ತರವನ್ನು ನೀವೇ ಬಾಯಿಗೆ ಹಾಕಬೇಡಿ. ಮುಂದೆ ತನಿಖೆಯಲ್ಲಿ ಅದೇ ತೊಡಕಾಗಬಹುದು. ‘ಆಮೇಲೆ ಏನಾಯ್ತು?’ ಅಂದರೆ ಸಾಕು. ಕೊನೆಗೆ ಎರಡು ಮಾತು: ‘ಹೇಳಿದ್ದು ಒಳ್ಳೆಯದಾಯ್ತು. ಇದರಲ್ಲಿ ನಿನ್ನ ತಪ್ಪಿಲ್ಲ.’ ಯಾರ ಮೇಲೆ ದೂರು ಇದೆಯೋ ಅವರನ್ನು ಕರೆದು ನೀವೇ ವಿಚಾರಿಸಲು ಹೋಗಬೇಡಿ. ತನಿಖೆ ಕ್ಲಬ್ಬಿನ ಕೆಲಸ ಅಲ್ಲ. ಮಗುವಿಗೆ ಈಗಲೇ ಅಪಾಯ ಇದ್ದರೆ ನೇರವಾಗಿ ಪೊಲೀಸರಿಗೆ ಫೋನ್ ಮಾಡಿ, ಇಲ್ಲದಿದ್ದರೆ ಅದೇ ದಿನ ವೆಲ್ಫೇರ್ ಆಫೀಸರ್‌ಗೆ ತಿಳಿಸಿ, ಅವರು ಮುಂದಕ್ಕೆ ತಲುಪಿಸಲಿ. ಕ್ಲಬ್ಬಿನ ಹೆಸರು ಹಾಳಾಗುತ್ತದೆ ಅಂತ ಕಮಿಟಿಯಲ್ಲಿ ಯಾರಾದರೂ ಅಡ್ಡಿ ಮಾಡಿದರೆ ಕಾಯಬೇಡಿ, ನೀವೇ ಹೋಗಿ.

ಬರೆದಿಡಿ

ಅವತ್ತೇ, ಮನೆಗೆ ಹೋಗುವ ಮುಂಚೆ. ‘ಮಗು ಹೆದರಿದಂತಿತ್ತು, ಅವನ ಮನೆಯಲ್ಲಿ ಏನೋ ಸಮಸ್ಯೆ ಇದೆ’ ಅಂತ ಬರೆದರೆ ಅದು ನಿಮ್ಮ ಊಹೆ. ‘ಮಂಗಳವಾರ ಸಂಜೆ 5.40. ಶೂ ಹಾಕಿಕೊಳ್ಳುತ್ತಿದ್ದ. “ಅವರು ಬೆಲ್ಟ್ ತಗೊಳ್ತಾರೆ” ಅಂದ. ಎಡ ಮೊಣಕಾಲಿನ ಹಿಂದೆ ಎರಡು ಉದ್ದನೆಯ ಗುರುತು, ಕೆಂಪು. “ಆಮೇಲೆ?” ಎಂದೆ. ಮಾತಾಡಲಿಲ್ಲ’ ಅಂತ ಬರೆದರೆ ಅದು ದಾಖಲೆ. ಮಗು ಹೇಳಿದ ಪದಗಳೇ ಇರಲಿ, ತಿದ್ದಬೇಡಿ. ಸಹಿ, ತಾರೀಖು ಹಾಕಿ, ಬೀಗ ಹಾಕುವ ಕಡೆ ಇಡಿ.

ದೊಡ್ಡ ದೂರಿಗೆ ಮಾತ್ರ ಅಲ್ಲ, ‘ಯಾಕೋ ಸರಿ ಅನಿಸಲಿಲ್ಲ’ ಅನ್ನುವಂಥದ್ದಕ್ಕೂ ಒಂದು ಪುಸ್ತಕ ಇರಲಿ. ಒಬ್ಬ ಕೋಚ್ ಒಬ್ಬ ಹುಡುಗನಿಗೆ ಮಾತ್ರ ಗಿಫ್ಟ್ ಕೊಟ್ಟರು ಅಂತ ಒಬ್ಬರು ಬರೆದಿರುತ್ತಾರೆ. ತಿಂಗಳ ನಂತರ ಅದೇ ಹುಡುಗನಿಗೆ ಎಕ್ಸ್‌ಟ್ರಾ ಪ್ರಾಕ್ಟೀಸ್, ಬೇರೆ ಯಾರೂ ಇರಲಿಲ್ಲ ಅಂತ ಇನ್ನೊಬ್ಬರು. ಒಂದೊಂದೇ ನೋಡಿದರೆ ಏನೂ ಅನ್ನಿಸುವುದಿಲ್ಲ, ಒಂದೇ ಪುಸ್ತಕದಲ್ಲಿ ಒಂದರ ಕೆಳಗೆ ಒಂದು ಓದಿದಾಗಲೇ ಅದು ಕಣ್ಣಿಗೆ ಹೊಡೆಯುತ್ತದೆ. ಬೇರೆ ಏನನ್ನು ಬಿಟ್ಟರೂ ಈ ಪುಸ್ತಕವೊಂದನ್ನು ಬಿಡಬೇಡಿ.

ಕೈ ಮಾಡದಿದ್ದರೂ ನೋವಾಗುತ್ತದೆ

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಲ್ಲಿ ಹೊರತಂದ ತಜ್ಞರ ಹೇಳಿಕೆ ಲೈಂಗಿಕ ದೌರ್ಜನ್ಯದ ಜೊತೆಗೇ ಮಾನಸಿಕ ಹಿಂಸೆ, ದೈಹಿಕ ಹಿಂಸೆ, ನಿರ್ಲಕ್ಷ್ಯವನ್ನೂ ಸೇರಿಸುತ್ತದೆ. ಎಲ್ಲರ ಮುಂದೆ ತೂಕದ ಬಗ್ಗೆ ಆಡಿಕೊಳ್ಳುವುದು, ಸೋತದ್ದಕ್ಕೆ ಶಿಕ್ಷೆ ಅಂತ ವಾಂತಿ ಬರುವವರೆಗೆ ಓಡಿಸುವುದು, ನೀರು ಕೊಡದಿರುವುದು, ಗೆರೆಯಾಚೆ ನಿಂತು ಅಪ್ಪಂದಿರು ಮಗನಿಗೆ ಬೈಯುವುದು, ಇದೆಲ್ಲ ‘ಮಕ್ಕಳು ಗಟ್ಟಿಯಾಗಲಿ’ ಅನ್ನುವ ಹೆಸರಲ್ಲಿ ನಡೆಯುತ್ತದೆ. ಮಗು ಗಟ್ಟಿಯಾಗುವುದಿಲ್ಲ. ಆಟ ಬಿಡುತ್ತದೆ, ಇಲ್ಲವೇ ನೋವಾದರೂ ಹೇಳದೇ ಇರಲು ಕಲಿಯುತ್ತದೆ.

ತಲೆಗೆ ಪೆಟ್ಟಾದಾಗ ಇದರ ಅಪಾಯ ಇನ್ನೂ ಜಾಸ್ತಿ. ಪೆಟ್ಟಿನಿಂದ ಮೆದುಳು ಅಲುಗಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಆ ಮಗು ಅವತ್ತು ಮತ್ತೆ ಆಡಬಾರದು. ಫೈನಲ್ ಇರಲಿ, ಮಗುವೇ ಅಳುತ್ತಾ ಕೇಳಲಿ, ಬೇಡ. ಪ್ರಜ್ಞೆ ತಪ್ಪದಿದ್ದರೂ ಒಳಗೆ ಪೆಟ್ಟಾಗಿರಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಾ ಹೋಗುವ ತಲೆನೋವು, ಮಂಪರು, ಎರಡೆರಡು ಕಾಣುವುದು, ಕುತ್ತಿಗೆ ನೋವು, ಕೈಕಾಲು ಜೋಮು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ. ಮೈದಾನಕ್ಕೆ ಯಾವಾಗ ವಾಪಸ್ ಬರಬೇಕು ಅನ್ನುವುದನ್ನು ಡಾಕ್ಟರ್ ಹೇಳಲಿ.

ಮಕ್ಕಳನ್ನೇ ಕೇಳಿ

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಮಗುವಿಗೆ ಹಿಂಸೆಯಿಂದ ರಕ್ಷಣೆ ಕೊಡುತ್ತದೆ, 31ನೇ ವಿಧಿ ಆಡುವ ಹಕ್ಕು ಕೊಡುತ್ತದೆ, 12ನೇ ವಿಧಿ ತನಗೆ ಸಂಬಂಧಿಸಿದ ವಿಷಯದಲ್ಲಿ ತನ್ನ ಮಾತು ಹೇಳುವ ಹಕ್ಕು ಕೊಡುತ್ತದೆ. ಈ ಕೊನೆಯದನ್ನು ಕ್ಲಬ್‌ಗಳು ಮರೆಯುತ್ತವೆ. ಸೀಸನ್‌ನಲ್ಲಿ ಎರಡು ಸಲ, ಕೋಚ್ ಇಲ್ಲದಾಗ, ಹೆಸರು ಬರೆಯದ ಚೀಟಿಯಲ್ಲಿ ಮೂರು ಪ್ರಶ್ನೆ ಕೇಳಿ: ಇಲ್ಲಿ ಏನು ಇಷ್ಟ, ಯಾವ ಜಾಗಕ್ಕೆ ಹೋಗಲು ಇಷ್ಟವಿಲ್ಲ, ಕಷ್ಟ ಬಂದರೆ ಯಾರಿಗೆ ಹೇಳ್ತೀಯ? ಮೂರನೆಯದಕ್ಕೆ ಖಾಲಿ ಚೀಟಿಗಳು ಬಂದರೆ, ಟಾಯ್ಲೆಟ್ ಬಾಗಿಲಿಗೆ ಅಂಟಿಸಿದ ಹಾಳೆ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.

ದೂರು ಕೊಟ್ಟ ಮಗು ಮರುದಿನ ಪ್ರಾಕ್ಟೀಸ್‌ಗೆ ಬಂದರೆ ಅದನ್ನು ಸುತ್ತುವರಿಯಬೇಡಿ, ದೂರವೂ ಇಡಬೇಡಿ. ಎಂದಿನ ಹಾಗೆ ಹೆಸರು ಹಿಡಿದು ಕರೆಯಿರಿ, ಎಂದಿನ ಗುಂಪಿಗೇ ಸೇರಿಸಿ. ವಾರಕ್ಕೊಮ್ಮೆ ವೆಲ್ಫೇರ್ ಆಫೀಸರ್ ಅದರ ಪಕ್ಕದಲ್ಲಿ ಕೂತು, ಬೇರೆ ಮಕ್ಕಳಿಗೆ ಕೇಳದ ಹಾಗೆ, ‘ಹೇಗಿದೀಯ?’ ಅಂತ ಕೇಳಿ, ಉತ್ತರ ಬರುವವರೆಗೆ ಕಾಯಲಿ.